ಬೀಗದ ಜೊತೆ ಬೀಗದಕೈಯನ್ನೂ ಕೊಟ್ಟವರ ಕಥೆ

ಟ್ರ್ಯಾಕ್ಟರಿಗೆ ಪೂರ್ತಿ ದುಡ್ಡು ಕಟ್ಟಿದವನು ಅದರ ಮಾಲೀಕನೋ, ಇಲ್ಲ ಬರೀ ಓಡಿಸೋಕೆ ಅನುಮತಿ ಪಡೆದವನೋ? ಇದೆಂಥ ಪ್ರಶ್ನೆ ಅಂತ ನಗಬೇಡಿ. ಅಮೆರಿಕದ ರೈತರು ಹತ್ತು ವರ್ಷದಿಂದ ಇದೇ ಪ್ರಶ್ನೆ ಹಿಡ್ಕೊಂಡು ಜಗಳ ಆಡ್ತಿದ್ದಾರೆ. ಕಾರಣ ಸಾಫ್ಟ್‌ವೇರಿಗೆ ಹಾಕಿದ ಬೀಗ. ಈ ಬೀಗದ ಕಥೆ ಟ್ರ್ಯಾಕ್ಟರಿಂದ ಶುರುವಾಗಿದ್ದಲ್ಲ, ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

1980ರ ಸುಮಾರಿಗೆ ಕಂಪ್ಯೂಟರ್ ಪ್ರೋಗ್ರಾಂಗಳು ಫ್ಲಾಪಿಯಲ್ಲಿ ಬರ್ತಿದ್ದವು. ಒಬ್ಬ ಕೊಂಡರೆ ಹತ್ತು ಜನ ನಕಲು ಮಾಡ್ಕೊಳ್ತಿದ್ರು. ಇದನ್ನ ತಡೆಯೋಕೆ ಕಂಪನಿಗಳು ಫ್ಲಾಪಿಯ ಯಾವುದೋ ಒಂದು ಜಾಗವನ್ನ ಬೇಕಂತಲೇ ಕೆಡಿಸಿಡ್ತಿದ್ದವು. ಮಾಮೂಲಿ ನಕಲಿನಲ್ಲಿ ಆ ಗುರುತು ಬರ್ತಿರಲಿಲ್ಲ. ಪ್ರೋಗ್ರಾಂ ಶುರುವಾಗೋ ಮುಂಚೆ ಗುರುತು ಇದೆಯಾ ಅಂತ ನೋಡ್ತಿತ್ತು, ಇಲ್ಲದಿದ್ರೆ ನಿಂತುಬಿಡ್ತಿತ್ತು. ಆದ್ರೆ ನೋಡು ಅಂತ ಹೇಳೋ ಆಜ್ಞೆಯೂ ಅದೇ ಫ್ಲಾಪಿಯಲ್ಲೇ ಇತ್ತಲ್ಲ! ತಿಳಿದವರು ಅದನ್ನ ಹುಡುಕಿ, 'ನೋಡು' ಅನ್ನೋ ಕಡೆ 'ಸುಮ್ನೆ ಮುಂದೆ ಹೋಗು' ಅಂತ ಬದಲಾಯಿಸಿದ್ರು, ಮುಗೀತು. 1981ರಲ್ಲೇ ಆಪಲ್ ಕಂಪ್ಯೂಟರಿಗೆ ಲಾಕ್‌ಸ್ಮಿತ್ ಅನ್ನೋ ಪ್ರೋಗ್ರಾಂ ಬಂತು. ಬೀಗ ಹಾಕಿದ ಫ್ಲಾಪಿಗಳನ್ನ ನಕಲು ಮಾಡೋದೇ ಅದರ ಕೆಲಸ.

ತಯಾರಾದ ವಸ್ತುವನ್ನ ಬಿಚ್ಚಿ, ಹೇಗೆ ಕೆಲಸ ಮಾಡುತ್ತೆ ಅಂತ ಹಿಂದಕ್ಕೆ ಹುಡುಕ್ಕೊಂಡು ಹೋಗೋದಕ್ಕೆ ರಿವರ್ಸ್ ಎಂಜಿನಿಯರಿಂಗ್ ಅಂತಾರೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಪಂಪು ಬಿಚ್ಚಿ ಕಲಿತಿದ್ದೂ ಇದೇ ದಾರೀಲಿ.

ಆಮೇಲೆ ಬಂದಿದ್ದು ಡಿವಿಡಿ. ಸಿನಿಮಾ ಕಂಪನಿಗಳು ಸಿಎಸ್ಎಸ್ ಅನ್ನೋ ಗುಪ್ತ ಲಿಪಿಯಲ್ಲಿ ಬೀಗ ಹಾಕಿದ್ರು. ಅದರ ಕೈ 40 ಬಿಟ್ ಉದ್ದ, ಅಂದ್ರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಲೆಕ್ಕ ದೊಡ್ಡದೇ, ಆದ್ರೆ ಕಂಪ್ಯೂಟರಿಗೆ ಅಷ್ಟೇನೂ ದೊಡ್ಡದಲ್ಲ. ಅದಕ್ಕಿಂತ ಮುಖ್ಯ, ಸಿನಿಮಾ ತೋರಿಸಬೇಕಾದ್ರೆ ಪ್ಲೇಯರ್ ಒಳಗೇ ಬೀಗದಕೈ ಇಡಲೇಬೇಕು. 1999ರ ಅಕ್ಟೋಬರಿನಲ್ಲಿ ಡಿಸಿಎಸ್ಎಸ್ ಅನ್ನೋ ಪುಟ್ಟ ಪ್ರೋಗ್ರಾಂ ಹೊರಬಿತ್ತು, ಬೀಗ ತೆರೀತು. ಅದನ್ನ ಹೊರಗೆ ಬಿಟ್ಟವರಲ್ಲಿ ನಾರ್ವೆಯ ಜಾನ್ ಯೊಹಾನ್ಸನ್ ಅನ್ನೋ 15 ವರ್ಷದ ಹುಡುಗನೂ ಇದ್ದ. ಅವನ ಮೇಲೆ ಕೇಸು ಹಾಕಿದ್ರು. 2003ರಲ್ಲಿ ಕೆಳಗಿನ ಕೋರ್ಟೂ ಮೇಲಿನ ಕೋರ್ಟೂ ಅವನನ್ನ ಬಿಡುಗಡೆ ಮಾಡಿದವು. ತಾನೇ ಕೊಂಡ ಡಿವಿಡಿಯನ್ನ ತನ್ನ ಕಂಪ್ಯೂಟರಲ್ಲಿ ನೋಡೋದು ತಪ್ಪಲ್ಲ ಅಂತ.

ಬೀಗ ಗಟ್ಟಿ ಇಲ್ಲ ಅಂತ ಕಂಪನಿಗಳಿಗೆ ಗೊತ್ತಿಲ್ಲದೆ ಏನಿಲ್ಲ. ಅದಕ್ಕೇ ಅಮೆರಿಕದಲ್ಲಿ 1998ರಲ್ಲಿ ಒಂದು ಕಾನೂನು ಬಂತು: ಬೀಗ ಮುರಿಯೋದೇ ಅಪರಾಧ. ಸಿನಿಮಾ, ಹಾಡು ಕಾಯೋಕೆ ಅಂತ ತಂದ ಬೇಲಿ ಅದು, ಆಮೇಲೆ ಹೊಲಕ್ಕೂ ಬಂತು. ಟ್ರ್ಯಾಕ್ಟರಲ್ಲೂ ಕಂಪ್ಯೂಟರ್ ಬಂದಿತ್ತಲ್ಲ. ಹೊಸ ಬಿಡಿಭಾಗ ಹಾಕಿದ್ರೂ ಡೀಲರ್ ಲ್ಯಾಪ್‌ಟಾಪ್ ತಂದು ಒಪ್ಪಿಗೆ ಕೊಡೋವರೆಗೆ ಗಾಡಿ ಏಳಲ್ಲ ಅನ್ನೋ ಸ್ಥಿತಿ. ಕೊಯ್ಲಿನ ಹೊತ್ತಲ್ಲಿ ಡೀಲರಿಗೆ ಕಾಯೋದು ಅಂದ್ರೇನು ಅಂತ ನಿಮಗೆ ಬಿಡಿಸಿ ಹೇಳಬೇಕಾ? 2015ರಲ್ಲಿ ಜಾನ್ ಡೀರ್ ಕಂಪನಿ ಅಲ್ಲಿನ ಕಾಪಿರೈಟ್ ಕಚೇರಿಗೆ ಬರೆದುಕೊಟ್ಟ ವಾದವೇ ಹೀಗಿತ್ತು: ಸಾಫ್ಟ್‌ವೇರ್ ಮಟ್ಟಿಗೆ ಕೊಂಡವನಿಗೆ ಇರೋದು ಗಾಡಿ ನಡೆಸೋ ಪರವಾನಗಿ. ಆದ್ರೂ ಅದೇ ವರ್ಷ ಸರ್ಕಾರ, ರಿಪೇರಿಗೆ ಬೀಗ ತೆಗೆಯೋ ರೈತನಿಗೆ ವಿನಾಯಿತಿ ಕೊಡ್ತು. ವಿನಾಯಿತಿ ಸಿಕ್ಕರೂ ತೆಗೆಯೋ ಸಲಕರಣೆ ಕೈಗೆ ಸಿಗಲಿಲ್ಲ. ಉಕ್ರೇನ್ ಕಡೆಯಿಂದ ಬರೋ ಕದ್ದ ಸಾಫ್ಟ್‌ವೇರ್ ಬಳಸ್ತಿದ್ದಾರೆ ಅಂತ 2017ರಲ್ಲಿ ಸುದ್ದಿಯಾಯ್ತು.

2022ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನಲ್ಲಿ ಸಿಕ್ ಕೋಡ್ಸ್ ಅಂತ ಹೆಸರಿಟ್ಟುಕೊಂಡ ಪರಿಣತನೊಬ್ಬ, ಡೀರ್ ಟ್ರ್ಯಾಕ್ಟರಿನ ಡಿಸ್‌ಪ್ಲೇ ಒಳಹೊಕ್ಕು, ಅದರ ಮೇಲೆ ಡೂಮ್ ಅನ್ನೋ ವಿಡಿಯೋ ಗೇಮ್ ಓಡಿಸಿ ತೋರಿಸಿದ. ಬೋರ್ಡನ್ನ ಕೈಯಲ್ಲಿ ಹಿಡಿದು, ವೈರ್ ಬೆಸೆದು, ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. ಇಲ್ಲೂ ಫ್ಲಾಪಿ ಕಾಲದ ಪಾಠವೇ: ಬೀಗ, ಬೀಗದಕೈ ಎರಡನ್ನೂ ಕೊಂಡವನ ಕೈಗೇ ಕೊಟ್ಟ ಮೇಲೆ ಎಷ್ಟು ದಿನ ಗುಟ್ಟು ನಿಂತೀತು?

ಹಾಗಂತ ಮುರಿಯೋಣ ಅಂತ ನಾನು ಹೇಳ್ತಿಲ್ಲ. ಗುರುತಿಲ್ಲದವರ ಸಾಫ್ಟ್‌ವೇರ್ ಹಾಕಿದ್ರೆ ಗಾಡಿಯ ಒಳಗೆ ಇನ್ಯಾರನ್ನ ಬಿಟ್ಟುಕೊಂಡ್ವೋ ಗೊತ್ತಾಗಲ್ಲ. ಅಲ್ಲಿನ ರೈತರಿಗೂ ಗಟ್ಟಿ ದಾರಿ ಸಿಕ್ಕಿದ್ದು ಕಾನೂನಿನಿಂದ. ಕೊಲೊರಾಡೊ ರಾಜ್ಯ 2023ರಲ್ಲಿ ರಿಪೇರಿ ಹಕ್ಕಿನ ಕಾನೂನು ಮಾಡಿ 2024ರ ಜನವರಿ 1ರಿಂದ ಜಾರಿಗೆ ತಂತು. ಕೃಷಿ ಯಂತ್ರ ಮಾಡೋರು ಕೈಪಿಡಿ, ಬಿಡಿಭಾಗ, ಸಾಫ್ಟ್‌ವೇರ್ ಸಲಕರಣೆಗಳನ್ನ ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕು.

ನಮ್ಮ ದೇಶದ ಕಾಪಿರೈಟ್ ಕಾನೂನಿಗೆ 2012ರಲ್ಲಿ ಸೇರಿಸಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದ್ರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. 'ಉದ್ದೇಶದಿಂದ' ಅನ್ನೋ ಆ ಒಂದು ಮಾತು ನಮಗೆ ದೊಡ್ಡದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿದಾಗ ಕೃಷಿ ಉಪಕರಣವನ್ನೂ ಪಟ್ಟಿಗೆ ಸೇರಿಸಿದೆ.

ಮುಂದೆ ಡ್ರೋನ್, ಹೊಸ ಟ್ರ್ಯಾಕ್ಟರ್, ಡ್ರಿಪ್ ಕಂಟ್ರೋಲರ್ ಯಾವುದು ಕೊಂಡರೂ ಮೈಲೇಜು, ಸಬ್ಸಿಡಿ ಜೊತೆ ಇದನ್ನೂ ಕೇಳಿ: ಎರರ್ ಕೋಡ್ ಯಾರು ಓದಬಹುದು? ಬಿಡಿಭಾಗ ಬದಲಿಸಿದ್ರೆ ಯಾರ ಒಪ್ಪಿಗೆ ಬೇಕು? ಉತ್ತರವನ್ನ ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿಕೊಳ್ಳಿ.