ಇಲ್ಮ್ ಮತ್ತು ಹುನರ್: ಮನೆಯಂಗಳದ ಕಲಿಕೆಯ ಒಂದು ಚರಿತ್ರೆ

ಉರ್ದು ಭಾಷೆಯಲ್ಲಿ ಇಲ್ಮ್ ಮತ್ತು ಹುನರ್ ಎಂಬ ಎರಡು ಪದಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಬರುತ್ತವೆ. ಇಲ್ಮ್ ಎಂದರೆ ವಿದ್ಯೆ, ಹುನರ್ ಎಂದರೆ ಕೈಯ ಕಸುಬು. ಮಾತಿನಲ್ಲಿ ಜೋಡಿಯಾಗಿರುವ ಇವನ್ನು ಬದುಕಿನಲ್ಲಿ ನಾವು ಬೇರೆ ಮಾಡಿಬಿಟ್ಟಿದ್ದೇವೆ. ವಿದ್ಯೆ ಶಾಲೆಯಲ್ಲಿ, ಕಸುಬು ಮನೆಯಲ್ಲಿ. ಓದಲು ಬಾರದವನು ಕಸುಬಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇತ್ತೀಚೆಗೆ ನಗರಗಳ ಕೆಲವು ವಿದ್ಯಾವಂತ ಪೋಷಕರು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದ್ದಾರೆ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮರಗೆಲಸ, ಹೊಲಿಗೆ, ತೋಟ, ಅಡುಗೆ ಮುಂತಾದ ಕೈಗೆಲಸಗಳ ಮೂಲಕ ಮನೆಯಲ್ಲಿಯೇ ಕಲಿಸುತ್ತಾರೆ. ಇದಕ್ಕೆ ಅನ್‌ಸ್ಕೂಲಿಂಗ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್. ಅವರು 1977ರಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಹೆಸರು ಹೊಸದಾದರೂ ವಿಚಾರ ನಮಗೆ ಹೊಸದಲ್ಲ. ಅದರ ಲಾಭವನ್ನೂ ಅಪಾಯವನ್ನೂ ಬಹಳ ಹಿಂದೆಯೇ ಕಂಡವರೊಬ್ಬರು ನಮ್ಮ ದೇಶದಲ್ಲಿದ್ದರು ಎಂಬುದನ್ನು ಇಲ್ಲಿ ಸ್ಮರಿಸಬೇಕಾಗಿದೆ.

ನಮ್ಮ ಸುತ್ತಲಿನ ಉದಾಹರಣೆಗಳು

ದೂರ ಹೋಗಬೇಕಾಗಿಲ್ಲ. ನಮ್ಮ ಗುಬ್ಬಿಯನ್ನೇ ನೋಡಿ. 1884ರಲ್ಲಿ ಆರಂಭವಾದ ಗುಬ್ಬಿ ನಾಟಕ ಕಂಪನಿಯಲ್ಲಿ ಎಷ್ಟೋ ಮಕ್ಕಳು ಶಾಲೆಯ ಬೆಂಚಿನ ಬದಲು ರಂಗದ ಹಲಗೆಯ ಮೇಲೆ ಕುಳಿತು ಭಾಷೆ, ಸಂಗೀತ, ಶಿಸ್ತುಗಳನ್ನು ಕಲಿತರು. ಗುಬ್ಬಿ ವೀರಣ್ಣನವರೇ ಬಾಲ್ಯದಲ್ಲಿ ಕಂಪನಿ ಸೇರಿದವರು. ಡಾ. ರಾಜ್‌ಕುಮಾರ್ ಅವರೂ ಅಲ್ಲಿ ಪಳಗಿದವರು. ಆದರೆ ಬಹಳ ಮಂದಿಯ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತ ಎಂಬ ಹುಡುಗನನ್ನು ವೀರಣ್ಣನವರು ರಂಗದಲ್ಲಿಯೇ ಉಳಿಸಿಕೊಳ್ಳಲಿಲ್ಲ. ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಹುನರ್ ಕಲಿಸಿದ ಗುರುವೇ ಇಲ್ಮ್‌ನ ಬಾಗಿಲನ್ನೂ ತೆರೆದರು.

ಚನ್ನಪಟ್ಟಣದ ಬೊಂಬೆಗಳೂ ಮನೆಯಂಗಳದ ಕಲಿಕೆಯ ಫಲವೇ ಆಗಿವೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂದಿತೆಂದೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬುವವರು ಜಪಾನಿನ ವಿಧಾನಗಳನ್ನು ತಂದು ಸುಧಾರಿಸಿದರೆಂದೂ ಹೇಳುತ್ತಾರೆ. ಹಾಲೆ ಮರದ ತುಂಡನ್ನು ಒಣಗಿಸಿ, ಚರಕಿಗೆ ಕಟ್ಟಿ, ಉಳಿಯಿಂದ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅಪ್ಪನ ಪಕ್ಕದಲ್ಲಿ ಕುಳಿತು ಇದನ್ನು ನೋಡುವ ಮಗು ಘರ್ಷಣೆಯಿಂದ ಶಾಖ ಹುಟ್ಟುವುದನ್ನು ಪಠ್ಯಪುಸ್ತಕ ತೆರೆಯುವ ಮೊದಲೇ ಬೆರಳ ತುದಿಯಲ್ಲಿ ತಿಳಿದಿರುತ್ತದೆ. ಆದರೆ ಅದಕ್ಕೆ ಘರ್ಷಣೆ ಎಂಬ ಹೆಸರಿದೆಯೆಂದು ಯಾರಾದರೂ ಹೇಳಬೇಕು. ಅಲ್ಲಿಯೇ ಶಿಕ್ಷಣ ಆರಂಭವಾಗುವುದು.

ವಾರ್ಧಾದಲ್ಲಿ ಒಂದು ಭಿನ್ನಮತ

ಈ ವಿಚಾರವನ್ನು ಇಡೀ ದೇಶದ ಶಿಕ್ಷಣ ಪದ್ಧತಿಯನ್ನಾಗಿ ಮಾಡಲು ಹೊರಟವರು ಮಹಾತ್ಮ ಗಾಂಧೀಜಿ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ನೂಲುವುದು ಮುಂತಾದ ಒಂದು ಕಸುಬನ್ನು ಕೇಂದ್ರವಾಗಿಟ್ಟುಕೊಂಡು ಎಲ್ಲ ಪಾಠಗಳು, ಮತ್ತು ಮಕ್ಕಳು ತಯಾರಿಸಿದ ವಸ್ತುಗಳಿಂದ ಕ್ರಮೇಣ ಶಿಕ್ಷಕರ ಸಂಬಳ ಹುಟ್ಟಬೇಕು ಎಂಬುದು ಚರ್ಚೆಯ ವಿಷಯ.

ಆ ಸಭೆಯಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮುಖ್ಯಸ್ಥರಾದ ಡಾ. ಜಾಕಿರ್ ಹುಸೇನ್ ಸಾಹೇಬರಿದ್ದರು. 1897ರಲ್ಲಿ ಹೈದರಾಬಾದಿನಲ್ಲಿ ಜನಿಸಿ, ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದು, 1926ರಲ್ಲಿ ಕಷ್ಟದಲ್ಲಿದ್ದ ಜಾಮಿಯಾದ ಹೊಣೆ ಹೊತ್ತವರು ಅವರು. ಅವರ ಪ್ರಾಥಮಿಕ ಶಾಲೆಯಲ್ಲಿ ಅಬ್ದುಲ್ ಗಫ್ಫಾರ್ ಮಧೋಲಿಯವರಂಥ ಅಧ್ಯಾಪಕರು ಪ್ರಾಜೆಕ್ಟ್ ಪದ್ಧತಿಯಲ್ಲಿ ಪಾಠ ಹೇಳುತ್ತಿದ್ದರು. ಆದ್ದರಿಂದ ಕೈಗೆಲಸದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಎದ್ದುನಿಂತು ಭಿನ್ನಮತವನ್ನು ವ್ಯಕ್ತಪಡಿಸಿದರು. ಕೆಲಸದ ಮೂಲಕ ಕಲಿಸುವುದು ಹೊಸದೇನಲ್ಲ, ಒಳ್ಳೆಯದೇ. ಆದರೆ ಮಕ್ಕಳ ದುಡಿಮೆಯಿಂದ ಹಣ ಬರಬೇಕೆಂದು ಒತ್ತಾಯಿಸಿದರೆ ಶಿಕ್ಷಕರು ಬಡ ಮಕ್ಕಳನ್ನು ದುಡಿಸುವ ಯಜಮಾನರಾಗಬಹುದು, ಆಗ ತಕಲಿಯು ಪುಸ್ತಕಕ್ಕಿಂತಲೂ ಕೆಟ್ಟದ್ದಾಗುತ್ತದೆ ಎಂಬುದು ಅವರ ಮಾತಿನ ಸಾರ.

ಇಷ್ಟು ನೇರವಾಗಿ ಮಾತನಾಡಿದವರನ್ನೇ ಪಠ್ಯಕ್ರಮ ರೂಪಿಸುವ ಸಮಿತಿಯ ಅಧ್ಯಕ್ಷರನ್ನಾಗಿ ಆರಿಸಲಾಯಿತು! ಅದೇ ವರ್ಷದ ಡಿಸೆಂಬರ್‌ನಲ್ಲಿ ಸಮಿತಿಯು ವರದಿ ನೀಡಿತು. ದಿನದ 5 ಗಂಟೆ 30 ನಿಮಿಷಗಳ ಶಾಲೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, 40 ನಿಮಿಷ ಮಾತೃಭಾಷೆಗೆ ಮೀಸಲಾಯಿತು. ಅದರ ಜೊತೆಗೆ, ಆರ್ಥಿಕ ಉದ್ದೇಶಕ್ಕೆ ಶಿಕ್ಷಣದ ಉದ್ದೇಶವನ್ನು ಬಲಿಕೊಡುವ ಅಪಾಯವಿದೆ ಎಂಬ ಎಚ್ಚರಿಕೆಯನ್ನೂ ಆ ವರದಿಯಲ್ಲಿ ಬರೆಯಲಾಯಿತು. 1938ರ ಹರಿಪುರ ಕಾಂಗ್ರೆಸ್ ಈ ಯೋಜನೆಯನ್ನು ಅಂಗೀಕರಿಸಿತು.

ಮುಂದೆ ಆದದ್ದೇನು? ಸ್ವಾತಂತ್ರ್ಯಾನಂತರ ಮೂಲಶಿಕ್ಷಣದ ಶಾಲೆಗಳು ತೆರೆದವು. ಅನೇಕ ಕಡೆ ಕಸುಬೂ ಪಾಠವೂ ಒಂದಕ್ಕೊಂದು ಸೇರಲೇ ಇಲ್ಲ. ತಕಲಿ ಒಂದು ಕವಾಯತಾಯಿತು. ಉಳ್ಳವರು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗಳಿಗೆ ಕಳುಹಿಸಿದ್ದರಿಂದ ಕೈಗೆಲಸದ ಶಾಲೆ ಬಡವರ ಶಾಲೆ ಎನಿಸಿಕೊಂಡಿತು. ಜಾಕಿರ್ ಹುಸೇನರೇ ಇದರ ಬಗ್ಗೆ ನೋವಿನಿಂದ ಟೀಕಿಸಿದ್ದುಂಟು. ಕೊಠಾರಿ ಆಯೋಗದ (1964–66) ಕಾರ್ಯಾನುಭವವೂ ಕಾಲಕ್ರಮದಲ್ಲಿ ವೇಳಾಪಟ್ಟಿಯ ಒಂದು ಅವಧಿಯಾಗಿ ಉಳಿಯಿತು.

ನನ್ನದೇ ಒಂದು ತಪ್ಪು

ಈ ಚರಿತ್ರೆಯನ್ನು ನಾನು ಬಿ.ಎಡ್. ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೆ. ಆದರೆ ಅರ್ಥವಾದದ್ದು 2020ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮವೂ ಅಕ್ಟೋಬರ್‌ನಲ್ಲಿ ನಿಂತಿತು. ಮಕ್ಕಳನ್ನು ಸುಮ್ಮನೆ ಕೂರಿಸಬೇಡಿ, ಮನೆಯಲ್ಲಿ ಏನಾದರೂ ಕೈಕೆಲಸ ಕಲಿಸಿ ಎಂದು ನಾನು ಪೋಷಕರಿಗೆಲ್ಲ ಹೇಳಿದೆ.

ಇಲ್ಲಿಯ ತೆಂಗಿನ ತೋಟಗಳ ನಡುವೆ ಬೆಳೆದ ಒಬ್ಬ ಹುಡುಗ ತಾತನ ಬಳಿ ನಾರಿನ ಹಗ್ಗ ಹೊಸೆಯುವುದನ್ನು ಕಲಿತ. ಎಳೆಯನ್ನು ಒಂದು ಕಡೆಗೆ ಹೊಸೆದು, ಎಳೆಗಳನ್ನು ಸೇರಿಸುವಾಗ ಎದುರು ಕಡೆಗೆ ಹೊಸೆಯಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ ಎಂದು ನನಗೇ ಪಾಠ ಹೇಳಿದ. ಹತ್ತು ಮಾರು ಹಗ್ಗಕ್ಕೆ ಹತ್ತು ಮಾರು ಎಳೆ ಸಾಲದು, ಹೊಸೆಯುವಾಗ ಕುಗ್ಗುತ್ತದೆ, ಎಷ್ಟು ಕುಗ್ಗುತ್ತದೆಂದು ಅಳೆದು ಬರೆದಿಟ್ಟಿದ್ದ. ಎರಡು ಸಲ ಕೆಡಿಸಿದ್ದಕ್ಕೆ ತಾತ ಬೈಯಲಿಲ್ಲವಂತೆ.

ಏಳನೆಯ ತರಗತಿಯ ಒಬ್ಬ ಹುಡುಗಿಯನ್ನು ತುಮಕೂರಿನ ಸಂಬಂಧಿಕರ ಮನೆಗೆ ಕಳುಹಿಸಿದ್ದರು. ಅಲ್ಲಿ ಅವಳ ಮಡಿಲಿನಲ್ಲಿ ಬೀಡಿ ಎಲೆಯ ಮೊರವಿತ್ತು. ಬೆರಳುಗಳು ನನ್ನ ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತಿದ್ದವು. "ನೀವೇ ಹೇಳಿದ್ರಲ್ಲ ಟೀಚರ್, ಕೈಕೆಲಸ ಕಲೀತಿದ್ದಾಳೆ" ಎಂದರು ಅವಳ ತಾಯಿ. ಆ ಎಲೆ ಯಾವ ಮರದ್ದೆಂದು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ. ಸಾವಿರ ಬೀಡಿಗೆ ಎಷ್ಟು ಕೂಲಿ ಎಂಬುದು ಗೊತ್ತಿತ್ತು. ಶಾಲೆ ತೆರೆದ ಮೇಲೆ ಹಲವು ಸಲ ಆ ಮನೆಗೆ ಅಲೆದೆ. ಹುಡುಗ ಬಂದ, ಅವಳು ಬರಲಿಲ್ಲ.

ಎರಡೂ ಮನೆಯಲ್ಲಿ ನಡೆದ ಕೈಕೆಲಸವೇ. ಆದರೆ ಒಂದರಲ್ಲಿ ಮಗುವಿಗೆ ಕೆಡಿಸುವ, ಏಕೆ ಎಂದು ಕೇಳುವ ಸ್ವಾತಂತ್ರ್ಯವಿತ್ತು. ಇನ್ನೊಂದರಲ್ಲಿ ಎಣಿಕೆ ಮಾತ್ರ ಇತ್ತು. ಜಾಕಿರ್ ಸಾಹೇಬರು 1937ರಲ್ಲಿ ಹೇಳಿದ್ದು ಇದನ್ನೇ. ಕಾನೂನು ಕೂಡ ಈ ಗೆರೆಯನ್ನು ಬಹಳ ಕಾಲ ಎಳೆಯಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯು ಬೀಡಿ ಕೆಲಸವನ್ನು ನಿಷೇಧಿತ ಪಟ್ಟಿಗೆ ಸೇರಿಸಿಯೂ ಕುಟುಂಬದೊಂದಿಗೆ ಮಾಡುವ ದುಡಿಮೆಗೆ ವಿನಾಯಿತಿ ನೀಡಿತ್ತು. 2016ರ ತಿದ್ದುಪಡಿಯಲ್ಲಿ, ಮಗು ಕುಟುಂಬಕ್ಕೆ ನೆರವಾಗುವುದು ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯಕಾರಿಯಲ್ಲದ ಕೆಲಸದಲ್ಲಿ ಎಂದಾಯಿತು.

ಪೋಷಕ ಬಂಧುಗಳಲ್ಲಿ ಅರಿಕೆ

ನಗರದ ಪೋಷಕರು ಮಗುವನ್ನು ಶಾಲೆ ಬಿಡಿಸಿದರೂ ಓದಿದ ತಾಯಿತಂದೆಯರು, ಪುಸ್ತಕ, ಬಿಡುವು ಮನೆಯಲ್ಲಿರುತ್ತವೆ. ನಾಳೆ ಮನಸ್ಸು ಬದಲಾದರೆ ದಾರಿಗಳಿವೆ. ನಮ್ಮ ಮಗು ಶಾಲೆ ಬಿಟ್ಟರೆ ಮರಳುವ ದಾರಿ ಬಹಳ ಕಿರಿದು. ಆದ್ದರಿಂದ ಶಾಲೆ ಬಿಡಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ಕೊಟ್ಟಿರುವ ಹಕ್ಕು ಅದು. ಆದರೆ ಶಾಲೆ ಬಿಟ್ಟ ಸಂಜೆ ನಿಮ್ಮ ಹುನರ್ ಅನ್ನು ಮಗುವಿನಿಂದ ಮರೆಮಾಡಲೂ ಬೇಡಿ. ಹೊಲಿಗೆ, ಮರಗೆಲಸ, ಹಗ್ಗ, ಗಾರೆ, ಯಾವುದಾದರೂ ಸರಿ. ಒಂದು ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಮಗುವೇ ಮಾಡಲಿ, ಕೆಡಿಸಲಿ, ಅಳೆಯಲಿ, ಅದರ ಬಗ್ಗೆ ನಾಲ್ಕು ಸಾಲು ಬರೆಯಲಿ. ಬರೆದದ್ದನ್ನು ಓದಲು ನಿಮಗೆ ಬಾರದಿದ್ದರೆ ಶಾಲೆಗೆ ಕೊಟ್ಟು ಕಳುಹಿಸಿ, ನಾವು ಓದುತ್ತೇವೆ. ಅದನ್ನು ಮಾರಿ ಹಣ ಮಾಡುವ ಯೋಚನೆ ಮಾತ್ರ ಬೇಡ.

ಶಿಕ್ಷಕ ಮಿತ್ರರಿಗೂ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳಿದೆ. ಆ ಕುಶಲಕರ್ಮಿಗಳು ಬೇರೆ ಯಾರೂ ಅಲ್ಲ, ನಮ್ಮ ಮಕ್ಕಳ ತಾತಂದಿರು, ತಾಯಂದಿರು. ಅವರನ್ನು ಗೌರವದಿಂದ ತರಗತಿಗೆ ಕರೆತರೋಣ. ಪೋಷಕರಿಗೆ ಕೈಕೆಲಸ ಕಲಿಸಿ ಎಂದು ಹೇಳಿ ಬರುವ ಮುನ್ನ, ಯಾವ ಕೆಲಸ, ಯಾರಿಗಾಗಿ ಎಂದು ಕೇಳಿ ಬರೋಣ. ನಾನು ಅಂದು ಕೇಳಲಿಲ್ಲ.