ಕೋಳಿಯ ಹೊಟ್ಟೆಯಲ್ಲಿ ನಮ್ಮ ಸೋಯಾ

ಇವತ್ತು ಭಾನುವಾರ. ನಿಮ್ಮಲ್ಲಿ ಬಹಳ ಜನ ಬೆಳಿಗ್ಗೆಯೇ ಚಿಕನ್ ಅಂಗಡಿ ಮುಂದೆ ನಿಂತು ಬಂದಿರುತ್ತೀರಿ. ಕೆಜಿಗೆ ಎಷ್ಟು ಅಂತ ಕೇಳಿರುತ್ತೀರಿ. ಆ ಕೋಳಿ ಏನು ತಿಂದು ಬೆಳೀತು ಅಂತ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ, ದುಬಲಗುಂಡಿಗೆ ಹೋಗುವ ತನಕ.

ಬೀದರ್ ಜಿಲ್ಲೆ, ಹುಮನಾಬಾದ್ ಹತ್ತಿರದ ಊರು. ಚಹಾ ಹೋಟೆಲಿನಲ್ಲಿ ಅಣ್ಣ ತಮ್ಮ ಇಬ್ಬರು ಸಿಕ್ಕರು. ಅಣ್ಣ ಸೋಯಾಬೀನ್ ಬೆಳೆಯುತ್ತಾನೆ. ತಮ್ಮನಿಗೆ ಬಾಯ್ಲರ್ ಕೋಳಿಯ ಶೆಡ್ ಇದೆ. "ಎಷ್ಟು ಕೋಳಿ ಅದಾವಪ್ಪ ನಿಂದು?" ಅಂದೆ. "ನನ್ನವು ಒಂದೂ ಇಲ್ರಿ ಸರ್" ಅಂದ. "ಮರಿ ಕಂಪನೀದು, ಫೀಡ್ ಕಂಪನೀದು, ಔಷಧ ಕಂಪನೀದು. ಶೆಡ್ ನಂದು, ಕರೆಂಟ್ ಬಿಲ್ ನಂದು, ನಿದ್ದಿಗೆಡೋದು ನಂದು."

ಈ ಸೀಮೆಗೆ ಕೋಳಿ ಹೊಸದೇನಲ್ಲ. ಪಕ್ಕದ ಬಸವಕಲ್ಯಾಣ ಅಂದರೆ ಚಾಲುಕ್ಯರ ಕಲ್ಯಾಣ. ಅಲ್ಲಿಂದ ಆಳಿದ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅಡುಗೆಯೂ ಇದೆ, ರಾಜರ ವಿನೋದಗಳ ಸಾಲಿನಲ್ಲಿ ಕೋಳಿ ಕಾಳಗವೂ ಇದೆ. ಆಮೇಲಿನ ಶತಮಾನಗಳಲ್ಲಿ ಕೋಳಿ ಅಂದರೆ ಹಿತ್ತಲಿನ ಜವಾರಿ ಕೋಳಿ. ಕಾಳು, ಹುಳ ಹೆಕ್ಕಿ ತಿಂದು, ಬೀಗರು ಬಂದ ದಿನ ಸಾರಾಗುತ್ತಿತ್ತು. ಅದರ ಲೆಕ್ಕ ಮನೆ ಹೆಣ್ಣುಮಕ್ಕಳ ಕೈಯಲ್ಲಿತ್ತು, ಕಂಪನಿ ಕೈಯಲ್ಲಲ್ಲ.

ಕಥೆ ತಿರುಗಿದ್ದು ಎರಡು ಕಡೆಯಿಂದ. 1971ರಲ್ಲಿ ಬಿ.ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದರು, ಮುಂದೆ ಪುಣೆ ಅದರ ಕೇಂದ್ರವಾಯಿತು. 1990ರ ದಶಕದಲ್ಲಿ ತಮಿಳುನಾಡಿನ ಉಡುಮಲೈಪೇಟೆಯಿಂದ ಇನ್ನೊಂದು ಪದ್ಧತಿ ಹಬ್ಬಿತು. ಕಂಪನಿ ಮರಿ ಕೊಡುತ್ತದೆ, ರೈತ ಸಾಕುತ್ತಾನೆ, ಕೆಜಿ ಲೆಕ್ಕದಲ್ಲಿ ಸಾಕಣೆ ಕೂಲಿ ಪಡೆಯುತ್ತಾನೆ. ಹುಮನಾಬಾದ್ ಇರುವುದು ಹೈದರಾಬಾದ್-ಪುಣೆ ಹೆದ್ದಾರಿಯ ಮೇಲೆ. ಕೋಳಿ ತುಂಬಿದ ಲಾರಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ಎಂಜಿನಿಯರಿಂಗ್ ಓದಿದ ತಪ್ಪಿಗೆ ನನಗೆ ಇನ್‌ಪುಟ್-ಔಟ್‌ಪುಟ್ ಲೆಕ್ಕ ಅಂದರೆ ಹುಚ್ಚು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಹಾಕಿ ಬೆಳೆಸಿದರು. 56 ದಿನಕ್ಕೆ ಹಳೆಯದು 905 ಗ್ರಾಂ, ಹೊಸದು 4 ಕೆಜಿಗೂ ಮಿಕ್ಕಿ! ಇವತ್ತಿನ ಕೋಳಿ ಒಂದೂಮುಕ್ಕಾಲು ಕೆಜಿಗಿಂತ ಕಡಿಮೆ ಫೀಡ್‌ನಲ್ಲಿ ಒಂದು ಕೆಜಿ ತೂಕ ಏರಿಸಿಕೊಳ್ಳುತ್ತದೆ. 2022-23ರಲ್ಲಿ ದೇಶದಲ್ಲಿ ಉತ್ಪಾದನೆಯಾದ 97.7 ಲಕ್ಷ ಟನ್ ಮಾಂಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಳಿಯದೇ.

ಸರಿ, ಆ ಫೀಡ್‌ನಲ್ಲಿ ಏನಿದೆ? ಅರ್ಧಕ್ಕೂ ಹೆಚ್ಚು ಮೆಕ್ಕೆಜೋಳ. ಪ್ರೋಟೀನ್‌ಗೆ ಮುಖ್ಯವಾಗಿ ಸೋಯಾ ಹಿಂಡಿ, ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಭಾಗ. ಬೀದರ್ ಜಿಲ್ಲೆಯಲ್ಲಿ ಹಿಂದೆ ಮುಂಗಾರಿಗೆ ಉದ್ದು, ಹೆಸರು, ಜೋಳ ಬಿತ್ತುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಸೋಯಾ. ಅಣ್ಣನ ಹೊಲದ ಕಾಳು ಹಿಂಡಿಯಾಗಿ ತಮ್ಮನ ಶೆಡ್ಡಿಗೇ ಬರಬಹುದು.

ಈಗ ವ್ಯಾಪಾರಕ್ಕೆ ಬರೋಣ. ಅಮೆರಿಕದವರಿಗೆ ಕೋಳಿಯ ಎದೆಮಾಂಸ ಇಷ್ಟ, ಅಲ್ಲಿ ಲೆಗ್ ಪೀಸ್ ಅಗ್ಗ. ನಮ್ಮ ಮನೆಗಳಲ್ಲಿ ಲೆಗ್ ಪೀಸಿಗೇ ಜಗಳ! ಅದನ್ನು ಇಲ್ಲಿ ತಂದು ಸುರಿಯದಂತೆ ಹಕ್ಕಿಜ್ವರದ ಕಾರಣ ಕೊಟ್ಟು ಭಾರತ ತಡೆದಿತ್ತು. 2012ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 2015ರಲ್ಲಿ ಭಾರತ ಸೋತಿತು. ಆದರೂ ಲೆಗ್ ಪೀಸಿನ ಮೇಲೆ ಶೇ 100ರ ಆಮದು ಸುಂಕ ಇತ್ತು. ಆ ಗೋಡೆ ಕೋಳಿ ಉದ್ಯಮವನ್ನು ಕಾಪಾಡಿತು. ಕಾಪಾಡಲಿ, ಅದರಲ್ಲಿ ತಪ್ಪೇನಿಲ್ಲ.

ಸೋಯಾಕ್ಕೆ? 2021ರಲ್ಲಿ ಲಾತೂರ್ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ಮುಟ್ಟಿತು. ಕೋಳಿ ಉದ್ಯಮ ಕೇಂದ್ರದ ಬಾಗಿಲು ತಟ್ಟಿತು. ಆಗಸ್ಟ್‌ನಲ್ಲೇ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಅನುಮತಿ ಸಿಕ್ಕಿತು. ಹೊಸ ಬೆಳೆ ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ಅರ್ಧದ ಹತ್ತಿರ ಇಳಿದಿತ್ತು. ಸುಗ್ಗಿಯಲ್ಲಿ ದರ ಇಳಿಯುವುದು ಮಾಮೂಲಿ, ಎಲ್ಲ ತಪ್ಪನ್ನೂ ಆಮದಿನ ಮೇಲೆ ಹಾಕಲಾರೆ. ಸ್ವಂತ ಫೀಡ್ ಕೊಂಡು ಕೋಳಿ ಸಾಕುವವರಿಗೆ ಆ ದರ ನಿಜಕ್ಕೂ ಕುತ್ತಿಗೆಗೆ ಬಂದಿತ್ತು, ಅದೂ ಸುಳ್ಳಲ್ಲ. ಆದರೆ ಗೋಡೆ ಯಾರಿಗೆ, ಗೇಟು ಯಾರಿಗೆ ಅಂತ ಕೇಳಬೇಕೋ ಬೇಡವೋ? 2024ರ ಸುಗ್ಗಿಯಲ್ಲಿ ಬೆಂಬಲ ಬೆಲೆ 4,892 ರೂಪಾಯಿ ಇದ್ದರೆ, ಮಾರುಕಟ್ಟೆ ದರ ಅದಕ್ಕಿಂತ ಕೆಳಗಿತ್ತು.

ಹಿಂಡಿ ಅಗ್ಗವಾದಾಗ ನಿನಗೆ ಏನು ಸಿಕ್ಕಿತು ಅಂತ ತಮ್ಮನನ್ನು ಕೇಳಿದೆ. "ಫೀಡ್ ನನ್ನದಲ್ಲಲ್ರಿ ಸರ್, ಕೂಲಿ ಅಷ್ಟs ಅದ" ಅಂದ.

ನಮ್ಮ ಪಾಲನ್ನೂ ಹೇಳಿಬಿಡುತ್ತೇನೆ. 2020ರ ಫೆಬ್ರುವರಿ-ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನುವ ಗಾಳಿಸುದ್ದಿ ಹಬ್ಬಿತು. ನಾವೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸ್ಕ್ರೀನ್ ಮೇಲೆ ಓಡಿಸಿದೆವು. ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತರು, ಅದನ್ನೂ ತೋರಿಸಿದೆವು. 2025ರ ಜನವರಿಯಲ್ಲಿ ಗಡಿಯಾಚೆಯ ಉದಗೀರದಲ್ಲಿ ಹಕ್ಕಿಜ್ವರದಿಂದ ಕಾಗೆಗಳು ಸತ್ತಾಗ ಮತ್ತೆ ಕೋಳಿ ನಮ್ಮ ಹೆಡ್‌ಲೈನ್‌ಗೆ ಬಂತು. ಸಾಯುವಾಗ ಮಾತ್ರ ಕೋಳಿ ನಮಗೆ ಸುದ್ದಿ.

ಹೊರಡುವಾಗ ಅಣ್ಣ ಕೇಳಿದ: "ಬಂಗಾರದ ರೇಟ್ ದಿನಾ ತೋರಸ್ತೀರಿ. ಸೋಯಾದ್ದು ಯಾಕ ತೋರಸಂಗಿಲ್ರಿ?" ಬೆಂಗಳೂರಿಗೆ ಬಂದು ನಮ್ಮ ಬುಲೆಟಿನ್ ಪ್ರೊಡ್ಯೂಸರ್‌ಗೆ ಇದೇ ಪ್ರಶ್ನೆ ಕೇಳಿದೆ. "ಬೀದರ್‌ನಲ್ಲಿ ಎಷ್ಟು ಜನ ನೋಡ್ತಾರೆ?" ಅಂದರು.