ಪಿತ್ತದ ಗಂಧೆ ಎದ್ದರೆ ರಕ್ತ ಕೆಟ್ಟಿದೆ ಎಂದರ್ಥವೇ?

ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ದದ್ದುಗಳೆದ್ದು ವಿಪರೀತ ತುರಿಸಿದರೆ ನಾವು ಅದನ್ನು ಪಿತ್ತದ ಗಂಧೆ ಎನ್ನುತ್ತೇವೆ. ಇದರ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಸಲಹೆಗಳ ಸಾರ ಹೆಚ್ಚುಕಡಿಮೆ ಒಂದೇ: ರಕ್ತ ಕೆಟ್ಟಿದೆ, ಕಂಬಳಿಯಿಂದ ಉಜ್ಜಿ, ರಕ್ತ ಶುದ್ಧಿಯ ಕಷಾಯ ಕುಡಿಯಿರಿ. ಇದರಲ್ಲಿ ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ರಕ್ತ ಕೆಟ್ಟಿರುವುದಿಲ್ಲ. ಹೆಸರಿನಲ್ಲಿ ಪಿತ್ತ ಇದ್ದರೂ ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆರಳಿರುವುದು ಚರ್ಮದಲ್ಲಿರುವ ಮಾಸ್ಟ್ ಕೋಶಗಳು.

ಮಾಸ್ಟ್ ಕೋಶ ಎಂದರೇನು?

1878ರಲ್ಲಿ ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಕ್ ಈ ಕೋಶಗಳನ್ನು ಗುರುತಿಸಿದರು. ಒಳಗೆಲ್ಲ ಕಣಗಳು ತುಂಬಿದ್ದರಿಂದ ಇವು ಚೆನ್ನಾಗಿ ಉಂಡ ಕೋಶಗಳಿರಬೇಕೆಂದು ಆ ಅರ್ಥದ ಹೆಸರಿಟ್ಟರು. ಆ ಕಣಗಳು ಆಹಾರವಲ್ಲ, ಹಿಸ್ಟಮಿನ್ ಮುಂತಾದ ರಾಸಾಯನಿಕಗಳ ಪುಟ್ಟ ಚೀಲಗಳು ಎಂಬುದು ಆಮೇಲೆ ತಿಳಿಯಿತು.

ಚರ್ಮ, ಶ್ವಾಸನಾಳ, ಕರುಳು ಹೀಗೆ ದೇಹವು ಹೊರಜಗತ್ತನ್ನು ಮುಟ್ಟುವ ಕಡೆಗಳಲ್ಲಿ ಇವು ಕಾವಲುಗಾರರಂತೆ ಇರುತ್ತವೆ. ಕೆರಳಿದರೆ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಹೊರಬರುತ್ತದೆ. ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ, ದ್ರವ ಜಿನುಗಿ ಊದಿಕೊಳ್ಳುತ್ತದೆ, ನರಗಳು ಪ್ರಚೋದನೆಗೊಂಡು ತುರಿಕೆಯಾಗುತ್ತದೆ.

ಇವನ್ನು ಕೆರಳಿಸುವುದು ಏನು?

ಸಿಗಡಿ, ಕಡಲೆಕಾಯಿಯಂಥ ಆಹಾರ, ಜೇನುಹುಳದ ಕಡಿತ, ಕೆಲವು ಔಷಧಗಳು ಅಲರ್ಜಿ ಇರುವವರಲ್ಲಿ ಇವನ್ನು ಕೆರಳಿಸುತ್ತವೆ. ಆದರೆ ಅಲರ್ಜಿಯೊಂದೇ ಕಾರಣವಲ್ಲ. ಕೆಲವರಿಗೆ ತಣ್ಣೀರು, ತಂಗಾಳಿ ಸಾಕು. ಇನ್ನು ಕೆಲವರಿಗೆ ಸೆಖೆ, ಬೆವರು, ಬಿಸಿಲು ಅಥವಾ ಬಿಗಿಯಾದ ಬಟ್ಟೆಯ ಒತ್ತಡ. ಮಕ್ಕಳಲ್ಲಿ ವೈರಸ್ ಸೋಂಕು ಸಾಮಾನ್ಯ ಕಾರಣ.

ದೇಹದೊಳಗಿನ ಸ್ಥಿತಿಯೂ ಲೆಕ್ಕಕ್ಕೆ ಬರುತ್ತದೆ. ಮಾನಸಿಕ ಒತ್ತಡ, ಮದ್ಯ, ಆಸ್ಪಿರಿನ್ ಮತ್ತು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಹೆಚ್ಚಿಸುತ್ತವೆ. ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸೋಲ್ ಹಾರ್ಮೋನು ರಾತ್ರಿ ತಗ್ಗುತ್ತದೆ, ಹಲವರಿಗೆ ರಾತ್ರಿಯೇ ತುರಿಕೆ ಹೆಚ್ಚಲು ಇದೂ ಒಂದು ಕಾರಣ. ಅತಿ ಬೊಜ್ಜು ಇದ್ದಾಗ ಕೊಬ್ಬಿನ ಅಂಗಾಂಶವೇ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತದೆ. ಬೊಜ್ಜಿಗೂ ದೀರ್ಘಕಾಲದ ಗಂಧೆಗೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಬೊಜ್ಜೇ ಕಾರಣ ಎನ್ನುವಂತಿಲ್ಲ.

ಕಂಬಳಿ ಉಜ್ಜಿದರೆ ಕಡಿಮೆಯಾಗುತ್ತದಲ್ಲ?

ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಮಾಯವಾಗುತ್ತದೆ. ಹಾಗಾಗಿ ಏನು ಮಾಡಿದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ನಿಜವಾಗಿ ಉಜ್ಜುವುದು ಮತ್ತು ಕಂಬಳಿಯ ಕಾವು ಎರಡೂ ಮಾಸ್ಟ್ ಕೋಶಗಳನ್ನು ಇನ್ನಷ್ಟು ಕೆರಳಿಸಬಲ್ಲವು. ‘ಬದನೆಕಾಯಿ ನಂಜು’ ಎಂದು ಒಂದೊಂದೇ ತರಕಾರಿ ಬಿಡುತ್ತಾ ಹೋಗುವುದರಿಂದಲೂ ಹೆಚ್ಚಿನವರಿಗೆ ಪ್ರಯೋಜನವಿಲ್ಲ.

ಏನು ಮಾಡಬೇಕು?

ಸಡಿಲ ಬಟ್ಟೆ ಧರಿಸಿ, ತುರಿಸಬೇಡಿ. ತಂಪಿನಿಂದ ಬರುವ ಗಂಧೆಯಲ್ಲದಿದ್ದರೆ ಒದ್ದೆ ಬಟ್ಟೆ ಇಡಬಹುದು. ಗಂಧೆ ಏಳುವ ಮೊದಲು ತಿಂದದ್ದು, ನುಂಗಿದ ಮಾತ್ರೆ ಬರೆದಿಡಿ. ಸೆಟಿರಿಜಿನ್‌ನಂಥ ಮಾತ್ರೆ ಹಿಸ್ಟಮಿನ್‌ನ ಪರಿಣಾಮವನ್ನು ತಡೆಯುತ್ತದೆ, ಪ್ರಮಾಣವನ್ನು ವೈದ್ಯರು ಹೇಳಲಿ. 6 ವಾರ ದಾಟಿಯೂ ಮರುಕಳಿಸುತ್ತಿದ್ದರೆ ಚರ್ಮ ತಜ್ಞರನ್ನು ಕಾಣಿ.

ಇದು ಮಾತ್ರ ತುರ್ತು

ಗಂಧೆಯ ಜೊತೆ ಉಸಿರಾಟಕ್ಕೆ ತೊಂದರೆ, ನಾಲಿಗೆ ಅಥವಾ ಗಂಟಲು ಊದುವುದು, ಧ್ವನಿ ಬದಲಾಗುವುದು, ತಲೆಸುತ್ತು, ಮತ್ತೆ ಮತ್ತೆ ವಾಂತಿ ಕಂಡರೆ ಅದು ಅನಾಫಿಲಾಕ್ಸಿಸ್ ಆಗಿರಬಹುದು. ದೇಹದ ಹಲವು ಕಡೆಯ ಮಾಸ್ಟ್ ಕೋಶಗಳು ಒಟ್ಟಿಗೆ ಸಿಡಿದಾಗ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಇದಕ್ಕೆ ಮೊದಲ ಚಿಕಿತ್ಸೆ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಕಷಾಯವಿರಲಿ, ಅಲರ್ಜಿ ಮಾತ್ರೆಯೂ ಸಾಲದು. ಕೂಡಲೇ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ನಿಲುವು: ‘ರಕ್ತ ಕೆಟ್ಟು ಗಂಧೆ ಏಳುತ್ತದೆ’ ಎಂಬುದು ತಪ್ಪು. ಮನೆಯ ಗುಂಪಿಗೆ ಒಂದೇ ಸಾಲು ಕಳಿಸುವುದಾದರೆ ಇದನ್ನು ಕಳಿಸಿ: ಗಂಧೆಯ ಜೊತೆ ಉಸಿರು ಕಟ್ಟಿದರೆ ಕಂಬಳಿ ಹುಡುಕಬೇಡಿ, ಆಸ್ಪತ್ರೆಗೆ ಓಡಿ.